ಸಹಾಯ ಬೇಕು: ಹಳೆಯ ಲ್ಯಾಪ್‌ಟಾಪ್‌ಗೆ ಹೊಂದುವ ಲಿನಕ್ಸ್ ತಂತ್ರಾಂಶಗಳು

ಎಲ್ಲರಿಗೂ ನಮಸ್ಕಾರ. ಚಿತ್ರದುರ್ಗದ ನಮ್ಮ ಮನೆಯಲ್ಲಿ ಅಜ್ಜನವರು ಕೂಡಿಟ್ಟ ಹಳೆಯ ಮುದ್ರಿತ ಪುಸ್ತಿಕೆಗಳನ್ನು ಸ್ಕ್ಯಾನ್ ಮಾಡಿ, 4 ಜಿಬಿ ರ‍್ಯಾಮ್ ಇರುವ ಲ್ಯಾಪ್‌ಟಾಪ್‌ನಲ್ಲಿ ಲಿನಕ್ಸ್ ಮಿಂಟ್ ಎಂಬ ಕಾರ್ಯಾಚರಣಾ ವ್ಯವಸ್ಥೆ ಬಳಸಿ, ಚಿತ್ರದಲ್ಲಿನ ಅಕ್ಷರಗಳನ್ನು ಗುರುತಿಸುವ ಟೆಸರಾಕ್ಟ್ ತಂತ್ರಾಂಶದ ಮೂಲಕ ಪಠ್ಯವಾಗಿ ಪರಿವರ್ತಿಸುತ್ತಿದ್ದೇನೆ. ಪದ ಹುಡುಕಲು ಗ್ರೆಪ್ ಎಂಬ ಆದೇಶವೇ ಸಾಕಾಗಿದೆ; ಬದಲಾದ ಕಡತಗಳನ್ನಷ್ಟೇ ಪೆನ್‌ಡ್ರೈವ್‌ಗೆ ನಕಲಿಸುವ ಆರ್‌ಸಿಂಕ್ ಅನ್ನಂತೂ ಎಲ್ಲರೂ ಕಲಿಯಬೇಕೆಂಬುದು ನನ್ನ ಅಭಿಪ್ರಾಯ.

ತೊಡಕಿರುವುದು ಓದುವುದರಲ್ಲಿ. ಆದೇಶಗಳನ್ನು ಟೈಪ್ ಮಾಡುವ ಕಿಟಕಿಯಾದ ಟರ್ಮಿನಲ್‌ನಲ್ಲಿ ‘ದುರ್ಗ’ ಎಂಬ ಪದದ ಅರ್ಕಾವೊತ್ತು ಗಕಾರದಿಂದ ಬೇರ್ಪಟ್ಟು ಕಾಣುವುದರಿಂದ, ತಪ್ಪು ಪಠ್ಯದಲ್ಲಿದೆಯೋ ಪರದೆಯಲ್ಲಿದೆಯೋ ತಿಳಿಯುವುದಿಲ್ಲ. ಒತ್ತಕ್ಷರಗಳನ್ನು ಸರಿಯಾಗಿ ತೋರಿಸುವ ಹಗುರವಾದ ಟರ್ಮಿನಲ್ ಯಾವುದೆಂದು ಬಲ್ಲವರು ದಯವಿಟ್ಟು ತಿಳಿಸಿ. ಪುಟದ ಚಿತ್ರವನ್ನೂ ಪಠ್ಯವನ್ನೂ ಅಕ್ಕಪಕ್ಕದಲ್ಲಿಟ್ಟು ತಿದ್ದಲು ಜಿಇಮೇಜ್‌ರೀಡರ್ ಬಳಸಿದವರಿದ್ದರೆ, ಕನ್ನಡದ ಪುಟಗಳಲ್ಲಿ ನಿಮ್ಮ ಅನುಭವ ಹೇಗಿತ್ತು?