ಒಳಗೆ ಚೆನ್ನಾಗಿದ್ದ ಮೆಣಸಿನ ಸಸಿ ಹೊರಗಿಟ್ಟ ಮಾರನೇ ದಿನವೇ ಬೆಳ್ಳಗಾಯ್ತು, ತಲೆ ಕೆಟ್ಟಿದೆ

ಖಾರದಪುಡಿ
ಹಳೇ ಚರ್ಚೆ ಎಲ್ಲಾ ಓದಿಯೇ ಕೇಳ್ತಿದೀನಿ, "ಮೊದಲು ಹುಡುಕಿ ನೋಡಿ" ಅಂತ ದಯವಿಟ್ಟು ಯಾರೂ ಹೇಳಬೇಡಿ. ದಪ್ಪ ಮೆಣಸು, ಖಾರದ ಮೆಣಸು, ಜೊತೆಗೆ ಒಂದಿಷ್ಟು ಟೊಮೆಟೊ. ಎಲ್ಲಾ ಒಳಗೇ ಬಿತ್ತಿದ್ದು. ಮೊಳಕೆ ಸಖತ್ತಾಗಿ ಬಂತು. ಕಾಂಡ ಸ್ವಲ್ಪ ಪೀಚಲು, ಆದ್ರೂ ಎಲೆ ಕಡು ಹಸಿರು. ಬಿಸಿಲಿಗೆ ಒಗ್ಗಿಸೋ ಕೆಲಸನೂ ಕ್ರಮವಾಗಿ ಮಾಡಿ ಆಮೇಲೇ ಹೊರಗಿಟ್ಟಿದ್ದು. ಮಾರನೇ ದಿನ ನೋಡಿದ್ರೆ ಎಲೆ ಮೇಲೆಲ್ಲಾ ಬಿಳಿ ಮಚ್ಚೆ, ಮುಟ್ಟಿದ್ರೆ ಒಣ ಕಾಗದದ ಥರ ಗರಗರ ಅನ್ನುತ್ತೆ. ಲೈಟು, ಮಿಶ್ರಣ, ನೀರು ಎಲ್ಲಾ ಸರಿಯಾಗೇ ಇದೆ. ಏನು ರೋಗ ಇದು? ಯಾವ ಔಷಧಿ ಹೊಡೀಲಿ? ಬೇಗ ಹೇಳಿ, ಟ್ರೇ ಪೂರ್ತಿ ಹೋಗೋ ಹಾಗಿದೆ.

ಕೋಕೋ ಪಂಡಿತ
ಕೋಕೋಪೀಟ್‌ನಲ್ಲಿ (ತೆಂಗಿನ ನಾರಿನ ಪುಡಿ) ತಾನೇ ಬೆಳೆಸಿದ್ದು? ಹಾಗಾದ್ರೆ ಕ್ಯಾಲ್‌ಮ್ಯಾಗ್, ಅಂದ್ರೆ ಕ್ಯಾಲ್ಸಿಯಂ-ಮೆಗ್ನೀಶಿಯಂ ಕೊರತೆ, ಬೇರೆ ಏನೂ ಹುಡುಕೋದು ಬೇಡ. ಕೋಕೋ ತನ್ನಲ್ಲಿರೋ ಪೊಟ್ಯಾಶಿಯಂ, ಸೋಡಿಯಂ ಬಿಟ್ಟುಕೊಟ್ಟು ನೀವು ಹಾಕೋ ಕ್ಯಾಲ್ಸಿಯಂ, ಮೆಗ್ನೀಶಿಯಂ ಹಿಡಿದಿಟ್ಟುಕೊಳ್ಳುತ್ತೆ. ಸಸಿಗೆ ಏನು ಸಿಗುತ್ತೆ? ಕೋಕೋ ಇಟ್ಟಿಗೆ ನೆನೆಸುವಾಗ ಬಫರ್ ಮಾಡಿದ್ರಾ? ಅಂದ್ರೆ, ಕ್ಯಾಲ್ಸಿಯಂ ನೈಟ್ರೇಟ್ ಕದಡಿದ ನೀರಲ್ಲಿ ಇಡೀ ರಾತ್ರಿ ನೆನೆಹಾಕಿ, ಬಸಿದು, ಮತ್ತೆ ತೊಳೀಬೇಕು. ಇದನ್ನ ಯಾರೂ ಮಾಡಲ್ಲ, ಆಮೇಲೆ ಇಲ್ಲಿ ಬಂದು ಅಳ್ತಾರೆ.

ಖಾರದಪುಡಿ
ಬಫರ್ ಗಿಫರ್ ಎಲ್ಲಾ ಮಾಡಿಲ್ಲ. ಪ್ಯಾಕೆಟ್ ಮೇಲೆ "ತೊಳೆದದ್ದು" ಅಂತ ಬರೆದಿತ್ತು. ಎರೆಗೊಬ್ಬರ, ಪರ್ಲೈಟ್ (ನೀರು ಬಸಿಯೋಕೆ ಹಾಕೋ ಹಗುರ ಬಿಳಿ ಹರಳು) ಸೇರಿಸಿದೀನಿ.

ಕೋಕೋ ಪಂಡಿತ
ನೋಡಿದ್ರಾ! ತೊಳೆದದ್ದು ಬೇರೆ, ಬಫರ್ ಮಾಡಿದ್ದು ಬೇರೆ. ಎಪ್ಸಮ್ ಸಾಲ್ಟ್ ಲೀಟರಿಗೆ 1 ಗ್ರಾಂ ಕರಗಿಸಿ ಇವತ್ತೇ ಕೊಡಿ.

ಬೇರುಬುಡ
ಪಂಡಿತರೇ, ಎಪ್ಸಮ್ ಸಾಲ್ಟ್ ಅಂದ್ರೆ ಮೆಗ್ನೀಶಿಯಂ ಸಲ್ಫೇಟ್. ಅದರಲ್ಲಿ ಕ್ಯಾಲ್ಸಿಯಂ ಎಲ್ಲಿಂದ ಬಂತು? ಅದೂ ಅಲ್ಲದೆ ಮೆಗ್ನೀಶಿಯಂ ಕೊರತೆ ಆದ್ರೆ ಕೆಳಗಿನ ಹಳೇ ಎಲೆ ಮೊದಲು ಹೇಳುತ್ತೆ. ನರ ಹಸಿರಾಗೇ ಇದ್ದು ನಡುವಿನ ಭಾಗ ನಿಧಾನವಾಗಿ ಹಳದಿ ತಿರುಗುತ್ತೆ. ಬೆಳಗಾಗೋದರೊಳಗೆ ಬಿಳಿ ಆಗಲ್ಲ.

ಖಾರದಪುಡಿ ಅವರೇ, ಮಚ್ಚೆ ಇರೋದು ಮೇಲಿನ ಎಲೆಲೋ ಕೆಳಗಿನ ಎಲೆಲೋ? ಫೋಟೋ ಹಾಕಿ. ಲೈಟ್ ಯಾವುದು, ಎಷ್ಟು ಎತ್ತರದಲ್ಲಿ ಕಟ್ಟಿದೀರಿ?

ಖಾರದಪುಡಿ
ಲೈಟ್ 1000 ವ್ಯಾಟ್‌ದು, ನೇರಳೆ ಬಣ್ಣ. ಅದರಿಂದ ಸಮಸ್ಯೆ ಇಲ್ಲ ಅಂತ ಮೊದಲೇ ಹೇಳಿದೀನಲ್ಲ. ಎತ್ತರ ಮಾಮೂಲಿ. ಫೋಟೋ ರಾತ್ರಿ ಹಾಕ್ತೀನಿ.

ವ್ಯಾಟ್ ವೀರ
ಪ್ಲಗ್ಗಿಗೆ ಒಂದು ವ್ಯಾಟ್ ಮೀಟರ್ ಸಿಕ್ಕಿಸಿ ನೋಡಿ ಗುರು. ಇಂಥ "1000 ವ್ಯಾಟ್" ಪೆಟ್ಟಿಗೆಗಳಲ್ಲಿ ಎಷ್ಟೋ 100ರ ಆಸುಪಾಸು ಎಳೆದ್ರೆ ಹೆಚ್ಚು. ಕಾಂಡ ಪೀಚಲು ಅಂತ ನೀವೇ ಬರೆದಿದೀರಿ, ಅಂದ್ರೆ ಬೆಳಕು ಸಾಲ್ತಿಲ್ಲ. ಸಸಿ ಬೆಳಕು ಹುಡುಕಿಕೊಂಡು ಉದ್ದಕ್ಕೆ ಹೋಗಿದೆ. ಫೋನಲ್ಲಿ ಲಕ್ಸ್ ಆ್ಯಪ್ ಹಾಕಿ ಎಲೆ ಮಟ್ಟದಲ್ಲಿ ಬೆಳಕು ಅಳೀರಿ. 10,000ದಿಂದ 20,000 ಲಕ್ಸ್ ಇರಬೇಕು, ದಿನಕ್ಕೆ 14-16 ಗಂಟೆ.

ಫೋಟಾನ್
ನೇರಳೆ ಲೈಟಿಗೆ ಲಕ್ಸ್ ಅಳೆಯೋದಾ? ಲಕ್ಸ್ ಅನ್ನೋದು ಮನುಷ್ಯನ ಕಣ್ಣಿನ ಲೆಕ್ಕ, ಹಸಿರಿಗೆ ಜಾಸ್ತಿ ಅಂಕ, ಕೆಂಪು-ನೀಲಿಗೆ ಕಡಿಮೆ. ಅವರ ಲೈಟಿಗೆ ಆ ಸಂಖ್ಯೆ ತೀರಾ ಕಡಿಮೆ ತೋರಿಸುತ್ತೆ. ಪಿಪಿಎಫ್‌ಡಿ ಕೇಳಿ, ಅಂದ್ರೆ ಗಿಡ ಬಳಸೋ ಬೆಳಕು ಎಲೆ ಮೇಲೆ ಎಷ್ಟು ಬೀಳುತ್ತೆ ಅನ್ನೋ ಲೆಕ್ಕ, ಮೈಕ್ರೋಮೋಲ್‌ನಲ್ಲಿ. ಸಸಿಗೆ 200-300 ಮೈಕ್ರೋಮೋಲ್ ಸಾಕು.

ವ್ಯಾಟ್ ವೀರ
ಮನೇಲಿ ನಾಲ್ಕು ಕುಂಡ ಇಟ್ಕೊಂಡೋರು ಅದನ್ನ ಅಳೆಯೋ ಕ್ವಾಂಟಮ್ ಮೀಟರ್ ಎಲ್ಲಿಂದ ತರ್ತಾರೆ ಸ್ವಾಮಿ? ಬಿಳಿ ಎಲ್‌ಇಡಿ ಆದ್ರೆ ಲಕ್ಸನ್ನ 70ರಿಂದ ಭಾಗಿಸಿದ್ರೆ ಪಿಪಿಎಫ್‌ಡಿ ಅಂದಾಜು ಸಿಕ್ಕೇ ಸಿಗುತ್ತೆ.

ಫೋಟಾನ್
ಬಿಳಿ ಆದ್ರೆ. ಅವರದು ಬಿಳಿ ಅಲ್ಲ.

ವ್ಯಾಟ್ ವೀರ
ಸರಿ, ಹಾಗಾದ್ರೆ ಲೈಟ್ ಕೆಳಗಿಳಿಸಲಿ ಸಾಕು. ದೂರ ಅರ್ಧ ಮಾಡಿದ್ರೆ ಬೆಳಕು ನಾಲ್ಕು ಪಟ್ಟು. ಇದಕ್ಕೂ ತಕರಾರಾ?

ಫೋಟಾನ್
ತಕರಾರಿದೆ. ಆ ಸೂತ್ರ ಬಿಂದುವಿನಷ್ಟು ಸಣ್ಣ ದೀಪಕ್ಕೆ. ಅಗಲವಾದ ಪ್ಯಾನಲ್ ಕೆಳಗೆ, ಅದೂ ಗೇಣು ದೂರದಲ್ಲಿ, ಅದು ನಡೆಯಲ್ಲ.

ತೋಟದಮನೆ
ಇಬ್ಬರೂ ಸ್ವಲ್ಪ ನಿಲ್ಲಿಸಿ. ಬೆಳಕು ಕಡಿಮೆ ಇದ್ದಿದ್ದರಿಂದ ಕಾಂಡ ಪೀಚಲಾಯ್ತು, ಒಪ್ಪಿದೆ. ಆದ್ರೆ ಅವರು ಕೇಳ್ತಿರೋದು ಕಾಂಡದ ಬಗ್ಗೆ ಅಲ್ಲ. ಎಲೆ ಬೆಳ್ಳಗಾಗಿದ್ದು ಹೊರಗಿಟ್ಟ ಮೇಲೆ.

ಖಾರದಪುಡಿ, ಬಿಸಿಲಿಗೆ ಒಗ್ಗಿಸಿದೆ ಅಂದ್ರಲ್ಲ, ಎಲ್ಲಿಟ್ಟು ಒಗ್ಗಿಸಿದ್ರಿ?

ಖಾರದಪುಡಿ
ಕಿಟಕಿ ಹತ್ರ. ಅಲ್ಲಿ ಬಿಸಿಲು ನೇರ ಬೀಳುತ್ತೆ. ಒಂದು ವಾರದಷ್ಟು ಇಟ್ಟಿದ್ದೆ.

ತೋಟದಮನೆ
ಗಾಜು ತೆಗೆದಾ, ಮುಚ್ಚಿಯಾ?

ಖಾರದಪುಡಿ
ಮುಚ್ಚೇ ಇತ್ತು, ಗಾಳಿಗೆ ಟ್ರೇ ಬೀಳುತ್ತಲ್ಲ. ಗಾಜು ಸ್ವಲ್ಪ ಕಪ್ಪು ಛಾಯೆದು. ಬಿಸಿಲು ಬಿಸಿಲೇ ಅಲ್ವಾ, ಅದರಲ್ಲೇನು ವ್ಯತ್ಯಾಸ?

ತೋಟದಮನೆ
ಇರೋ ವ್ಯತ್ಯಾಸ ಎಲ್ಲಾ ಅಲ್ಲೇ ಇದೆ. ಸಾದಾ ಗಾಜು ಕೂಡ ಬಿಸಿಲಿನ ಯುವಿ-ಬಿ (ನೇರಳಾತೀತ) ಕಿರಣವನ್ನು ಹೆಚ್ಚುಕಮ್ಮಿ ಪೂರ್ತಿ ತಡೆಯುತ್ತೆ. ಎಲ್‌ಇಡಿ ಕೆಳಗೂ ಅದು ಇರಲಿಲ್ಲ. ಹೊರಗೆ ಬೆಳೆದ ಎಲೆ ತನ್ನ ಮೇಲ್ಪದರ ದಪ್ಪ ಮಾಡಿಕೊಂಡು, ಯುವಿ ಹೀರುವ ವಸ್ತುಗಳನ್ನು ತಾನೇ ತಯಾರಿಸಿಕೊಂಡಿರುತ್ತೆ. ನಿಮ್ಮ ಎಲೆಗೆ ಅದರ ಅಗತ್ಯವೇ ಬಿದ್ದಿರಲಿಲ್ಲ. ಬೆಳಕಿನ ಪ್ರಮಾಣವೂ ನೋಡಿ: ಮೋಡವಿಲ್ಲದ ಮಧ್ಯಾಹ್ನ ಹೊರಗೆ ಸುಮಾರು 1 ಲಕ್ಷ ಲಕ್ಸ್, 2000 ಮೈಕ್ರೋಮೋಲ್ ಹತ್ತಿರ. ಫೋಟಾನ್ ಹೇಳಿದ 200-300ರಲ್ಲಿ ಬೆಳೆದ ಸಸಿ, ಅದೂ ಛಾಯೆ ಗಾಜಿನ ಹಿಂದೆ ನಿಂತಿದ್ದು, ಒಂದೇ ದಿನ ಅದಕ್ಕೆ ಸಿಕ್ಕಿದೆ. ತಡೆಯೋಕಾಗದಷ್ಟು ಬೆಳಕು ಬಿದ್ದಾಗ ಎಲೆಯ ಹಸಿರೇ ಸುಟ್ಟುಹೋಗುತ್ತೆ. ಇದು ರೋಗ ಅಲ್ಲ, ಬಿಸಿಲ ಸುಡು.

ಖಾರದಪುಡಿ
ಒಪ್ಪಲ್ಲ. ಬಿಸಿಲು ಅಂತಾದ್ರೆ ಟೊಮೆಟೊಗೆ ಯಾಕೆ ಕಡಿಮೆ ಆಯ್ತು? ಮೆಣಸಿಗೇ ಜಾಸ್ತಿ ಆಗಿರೋದು. ಹೊರಗಿಡೋ ಬೆಳಿಗ್ಗೆ ಮೆಣಸಿಗೆ ಬೇವಿನೆಣ್ಣೆ ಹೊಡೆದೇ ಇಟ್ಟಿದ್ದು, ಕೀಟ ಬರೋ ಚಾನ್ಸೇ ಇಲ್ಲ.

ಬೇರುಬುಡ
ಏನು?! ಇದನ್ನ ಈಗ ಹೇಳ್ತಿದೀರಾ?

ಕೋಕೋ ಪಂಡಿತ
ಬೇವಿನೆಣ್ಣೆ ಸಾವಯವ, ಅದರಿಂದ ಏನೂ ಆಗಲ್ಲ. ನಾನು ಸಾವಿರ ಸಲ ಹೊಡೆದಿದೀನಿ. ಕ್ಯಾಲ್‌ಮ್ಯಾಗ್ ಕೊಟ್ಟು ನೋಡಿ ಅಂದೆ, ಯಾರೂ ಕೇಳಲ್ಲ.

ಬೇರುಬುಡ
ಸಾವಯವ ಅಂದ ಮಾತ್ರಕ್ಕೆ ಎಣ್ಣೆ ಎಣ್ಣೆ ಅಲ್ಲದೆ ಹೋಗುತ್ತಾ? ಎಲೆ ಮೇಲೆ ಎಣ್ಣೆ ಪೊರೆ ಇರುವಾಗ ಸುಡುಬಿಸಿಲಿಗೆ ಇಟ್ರೆ ಎಲೆ ಸುಡುತ್ತೆ. ಅದಕ್ಕೇ ಸಂಜೆ ಹೊಡೀಬೇಕು ಅನ್ನೋದು. ಎಳೇ ಸಸಿಗಂತೂ ಒಂದೆರಡು ಎಲೆ ಮೇಲೆ ಹೊಡೆದು ನೋಡಿ ಆಮೇಲೆ ಉಳಿದದ್ದಕ್ಕೆ.

ತೋಟದಮನೆ
ಎಣ್ಣೆ ಸುಡು ಹೆಚ್ಚಿಸಿರಬಹುದು, ಆದ್ರೆ ಎಣ್ಣೆ ಬೀಳದ ಟೊಮೆಟೊ ಮೇಲೂ ಮಚ್ಚೆ ಇದೆ ಅಂತ ಅವರ ಮಾತಲ್ಲೇ ಇದೆ. ಪತ್ತೆ ಮಾಡೋಕೆ ಒಂದು ಸುಲಭ ದಾರಿ: ಒಂದು ಎಲೆ ಮೇಲೆ ಇನ್ನೊಂದು ಎಲೆ ಮುಚ್ಚಿಕೊಂಡಿದ್ದ ಜಾಗ ನೋಡಿ. ಮೇಲಿನ ಎಲೆಯ ನೆರಳು ಬಿದ್ದಷ್ಟು ಕಡೆ ಹಸಿರಾಗೇ ಉಳಿದು, ಅದರ ಅಂಚಿನಿಂದಾಚೆ ಬಿಳಿ ಇದ್ರೆ ಬಿಸಿಲೇ. ರೋಗಕ್ಕೂ ಗೊಬ್ಬರದ ಕೊರತೆಗೂ ಅಂಥ ಗಡಿ ಗೊತ್ತಿಲ್ಲ. ಥ್ರಿಪ್ಸ್ (ರಸ ಹೀರೋ ಸಣ್ಣ ಕೀಟ) ಆಗಿದ್ರೆ ಬಿಳಿಗಿಂತ ಬೆಳ್ಳಿ ಹೊಳಪು ಕಾಣುತ್ತೆ, ಎಲೆ ಅಡಿಗೆ ಕಪ್ಪು ಚುಕ್ಕಿ ಹಿಕ್ಕೆ ಇರುತ್ತೆ. ಅದನ್ನೂ ನೋಡಿಬಿಡಿ.

ಖಾರದಪುಡಿ
ಫೋಟೋ ಹಾಕಿದೀನಿ. ಕಪ್ಪು ಚುಕ್ಕಿ ಇಲ್ಲ. ಎಲೆ ಮುಚ್ಚಿದ್ದ ಕಡೆ ಹಸಿರಿದೆ, ಗೆರೆ ಹೊಡೆದ ಹಾಗೆ. ಸರಿ, ಈಗ ಏನು ಮಾಡ್ಲಿ ಅದು ಹೇಳಿ.

ತೋಟದಮನೆ
ಔಷಧಿ ಏನೂ ಬೇಡ. ಬಿಳಿಯಾದ ಭಾಗ ಮತ್ತೆ ಹಸಿರಾಗಲ್ಲ, ಅದರ ಆಸೆ ಬಿಡಿ. ಆದ್ರೆ ಆ ಎಲೆಗಳನ್ನ ಕೀಳಬೇಡಿ, ಉಳಿದಿರೋ ಹಸಿರು ಇನ್ನೂ ಕೆಲಸ ಮಾಡ್ತಿರುತ್ತೆ. ತುದಿಯ ಚಿಗುರು ಜೀವಂತ ಇದ್ರೆ ಸಸಿ ಉಳಿಯಿತು ಅಂತಲೇ. ಈಗ ಹೊರಗೇ, ಬೆಳಕಿರೋ ನೆರಳಲ್ಲಿ ಇಡಿ. ಗೊಬ್ಬರ ಸದ್ಯಕ್ಕೆ ಬೇಡ, ಪಂಡಿತರು ಬೈದರೂ ಪರವಾಗಿಲ್ಲ.

ಎರಡು ಮೂರು ದಿನ ಬಿಟ್ಟು ಎಳೇ ಬಿಸಿಲು ಒಂದು ಗಂಟೆ ತೋರಿಸಿ. ದಿನಕ್ಕೆ ಗಂಟೆ ಗಂಟೆ ಹೆಚ್ಚಿಸಿಕೊಂಡು ಹೋಗಿ, ನಡುಮಧ್ಯಾಹ್ನದ್ದು ಕೊನೆಗೆ. ಒಟ್ಟು 7-10 ದಿನ ಬೇಕು. ದಿನಾ ಒಳಗೆ ಹೊರಗೆ ಹೊರೋಕೆ ಪುರುಸೊತ್ತಿಲ್ಲ ಅಂದ್ರೆ 50 ಶೇಕಡಾ ಶೇಡ್ ನೆಟ್ ಕಟ್ಟಿ. ಗಾಳಿಯೂ ಪಾಠದ ಭಾಗವೇ. ಅಲುಗಾಡಿದ ಕಾಂಡ ಗಿಡ್ಡವಾಗಿ ದಪ್ಪ ಆಗುತ್ತೆ, ನೀವು ಗಾಜು ಮುಚ್ಚಿ ಅದನ್ನೂ ತಪ್ಪಿಸಿದ್ರಿ. ಟ್ರೇಯ ಸಣ್ಣ ಗುಳಿ ಹೊರಗಿನ ಗಾಳಿಗೆ ಅರ್ಧ ದಿನದಲ್ಲೇ ಒಣಗಬಹುದು, ಬೆರಳಿಟ್ಟು ನೋಡ್ತಾ ಇರಿ. ರಾತ್ರಿ 12 ಡಿಗ್ರಿಗಿಂತ ಕೆಳಗಿಳಿದ್ರೆ ಮೆಣಸು ಒಳಗೆ ಬರಲಿ.

ಬೇರುಬುಡ
ಪೀಚಲು ಟೊಮೆಟೊ ನೆಡುವಾಗ ಕಾಂಡ ಬೀಜದೆಲೆವರೆಗೂ ಹೂತುಬಿಡಿ, ಹೂತ ಕಾಂಡದಲ್ಲೆಲ್ಲಾ ಬೇರು ಬರುತ್ತೆ. ಮೆಣಸಿಗೆ ಮಾತ್ರ ಹಾಗೆ ಮಾಡಬೇಡಿ, ಬುಡ ಕೊಳೆಯಬಹುದು.

ವ್ಯಾಟ್ ವೀರ
ಮೆಣಸನ್ನೂ ನಾನು ಹೂಳ್ತೀನಿ, ಏನೂ ಆಗಿಲ್ಲ.

ಬೇರುಬುಡ
ನಿಮ್ಮ ಮಿಶ್ರಣದಲ್ಲಿ ಅರ್ಧ ಪರ್ಲೈಟೇ ಇರುತ್ತೆ, ನೀರು ನಿಲ್ಲೋದೇ ಇಲ್ಲ. ಎಲ್ಲರದೂ ಹಾಗಿರಲ್ಲ.

ವ್ಯಾಟ್ ವೀರ
ಅದು ನಿಜ :) ಈ ಸಲ ಮನೆಯೊಳಗೇ ಸಸಿ ಬೆಳೆಸೋ ಟೆಂಟೇ ಹಾಕಿಬಿಟ್ಟೆ. ಎರಡು ಬಿಳಿ ಪ್ಯಾನಲ್, ಡಿಮ್ಮರ್ ಇದೆ, ಟೈಮರ್ 16 ಗಂಟೆ, ಅಡಿಗೆ ಬಿಸಿ ಮ್ಯಾಟ್ 28 ಡಿಗ್ರಿಗೆ ಕಟ್ಟಿದೀನಿ. ಮೆಣಸು ಮೊಳೆಯೋದು ನೋಡಬೇಕು ನೀವು. ಹೊರಗೆ ಸಾಗಿಸೋ ಹಿಂದಿನ ವಾರ ಡಿಮ್ಮರ್ ಪೂರ್ತಿ ಏರಿಸ್ತೀನಿ, ಒಗ್ಗಿಸೋ ಕೆಲಸ ಅರ್ಧ ಅಲ್ಲೇ ಮುಗಿಯುತ್ತೆ.

ಫೋಟಾನ್
ಪೂರ್ತಿ ಏರಿಸಿದ್ರೂ ಯುವಿ ಇಲ್ಲವಲ್ಲ. ಅರ್ಧ ಅಲ್ಲ, ಕಾಲು ಅನ್ನಿ. ಮತ್ತೆ ಟೊಮೆಟೊ ಅದರೊಳಗಿದ್ರೆ 24 ಗಂಟೆ ಉರಿಸೋ ಆಸೆ ಬೇಡ, ಕತ್ತಲೇ ಸಿಗದಿದ್ರೆ ಟೊಮೆಟೊ ಎಲೆ ಹಳದಿ ತಿರುಗುತ್ತೆ.

ವ್ಯಾಟ್ ವೀರ
16 ಅಂತ ತಾನೇ ಬರೆದಿದ್ದು? ಕನ್ನಡಕ ಹಾಕ್ಕೊಳ್ಳಿ.

ಮಾಡರೇಟರ್
ಲಕ್ಸ್-ಪಿಪಿಎಫ್‌ಡಿ ಜಗಳ ದೀಪಗಳ ವಿಭಾಗಕ್ಕೆ ಒಯ್ಯಿರಿ. ಇಲ್ಲಿ ಸಸಿ ವಿಷಯ ಮಾತ್ರ.

ಖಾರದಪುಡಿ
ಚಿಗುರು ಹಸಿರಾಗಿ ಬರ್ತಿದೆ, ಮೆಣಸಿನಲ್ಲಿ ಕೆಲವು ಹೋದವು. ಗಾಜಿನ ವಿಷಯ ಎಲ್ಲೂ ದಪ್ಪಕ್ಷರದಲ್ಲಿ ಬರೆದಿಲ್ಲ, ಬರೀಬೇಕಿತ್ತು. ವೀರ, ಆ ಟೆಂಟಿಗೆ ಯಾವ ಫ್ಯಾನ್ ಹಾಕಿದೀರಿ? ರಾತ್ರಿ ಶಬ್ದ ಬರುತ್ತಾ?

ಕೋಕೋ ಪಂಡಿತ
ಚಿಗುರು ಬಂತಲ್ಲ, ಈಗ ಕ್ಯಾಲ್‌ಮ್ಯಾಗ್ ಶುರು ಮಾಡಿ.