ಗಡಿಯಾರದ ಕೆಳಗೆ ಮಾತ್ರ ಬೇಡ ಪುಟ್ಟಿ

ಪುಟ್ಟೀ, ನಿನ್ನ ಮೆಸೇಜ್ ಬೆಳಗ್ಗೆಯೇ ನೋಡಿದೆ. ಕುಕ್ಕರ್ ಇಟ್ಟಿದ್ದೆ, ಆಮೇಲೆ ಗ್ಯಾಸಿನವನು ಬಂದ, ಈಗ ಕೂತೆ. ಟೈಪ್ ಮಾಡೋಕೆ ಹೋದರೆ ನೀವು ಊರು ನೋಡಿಕೊಂಡು ವಾಪಸ್ ಬಂದಿರುತ್ತೀರಿ, ಅದಕ್ಕೆ ಮಾತಾಡಿಬಿಡುತ್ತೇನೆ. ಉದ್ದ ಆಯಿತು ಅಂತ ಯಾರೂ ಅರ್ಧಕ್ಕೆ ನಿಲ್ಲಿಸಬೇಡಿ, ಆಮೇಲೆ ಫೋನ್ ಮಾಡಿ 'ಏನು ಹೇಳಿದ್ರಿ ದೊಡ್ಡಮ್ಮ' ಅಂತ ಕೇಳಲೂಬೇಡಿ.

ನೀನು ಕೇಳಿದ್ದು ಇದು ತಾನೇ? ವಿಯೆನ್ನಾದಿಂದ ಪ್ರಾಗ್‌ಗೆ ಬರುತ್ತೀರಿ, ಅಲ್ಲಿ ಇರುವುದು ಒಂದೇ ಹಗಲು. ನಿಮಗೆ ಮಾತ್ರ ಅಂತ ಒಬ್ಬ ಗೈಡ್ ಗೊತ್ತು ಮಾಡಿ, ಮೂರು ಗಂಟೆ ನಡೆದುಕೊಂಡು ಊರು ನೋಡೋಕೆ ದುಡ್ಡೂ ಕಟ್ಟಿದ್ದೀರಿ. ಈಗ ಅಮ್ಮನ ಮಂಡಿ ನೆನಪಾಗಿ ಹೆದರಿಕೆ ಶುರುವಾಗಿದೆ. ಕ್ಯಾನ್ಸಲ್ ಮಾಡಲಾ, ಇಟ್ಟುಕೊಳ್ಳಲಾ ಅಂತ.

ಆ ಮಂಡಿ ನಮ್ಮಪ್ಪನದು. ನನಗೆ ಬರಲಿಲ್ಲ, ನಿಮ್ಮಮ್ಮನಿಗೆ ಬಂತು. ಅದರ ಕಥೆ ಈ ಗ್ರೂಪಿನಲ್ಲಿ ಯಾರಿಗೆ ಗೊತ್ತಿಲ್ಲ ಹೇಳು. ಆ ವಿಷಯಕ್ಕೆ ಆಮೇಲೆ ಬರುತ್ತೇನೆ. ಮೊದಲು ಒಂದು ಮಾತು. ಗೈಡ್ 'ಗಡಿಯಾರದ ಕೆಳಗೆ ಸಿಗೋಣ' ಅಂದರೆ ಒಪ್ಪಬೇಡ. ಖಂಡಿತ ಹಾಗೇ ಅನ್ನುತ್ತಾರೆ. ಪ್ರಾಗ್‌ನಲ್ಲಿ ಎಲ್ಲರೂ ಎಲ್ಲರಿಗೂ ಅಲ್ಲೇ ಸಿಗುವುದು, ತೊಂದರೆ ಇರುವುದೇ ಅದರಲ್ಲಿ.

ನಮ್ಮ ಚಿಕ್ಕವನು ಜರ್ಮನಿಯ ಡ್ರೆಸ್ಡೆನ್‌ನಲ್ಲಿ ಇದ್ದಾಗ ನಾವು ಹೋಗಿದ್ದೆವಲ್ಲ, ಆಗಿನ ಮಾತು. ಅಲ್ಲಿಂದ ಪ್ರಾಗ್ ರೈಲಿನಲ್ಲಿ ಹತ್ತಿರ. ಅವನಿಗೆ ರಜೆ ಸಿಗಲಿಲ್ಲ. 'ನೀವಿಬ್ಬರೇ ಹೋಗಿ ಬನ್ನಿ, ನಿಮಗೆ ಅಂತಲೇ ಗೈಡ್ ಹೇಳಿದ್ದೀನಿ' ಅಂದ. ಹತ್ತು ಗಂಟೆಗೆ ಗಡಿಯಾರದ ಕೆಳಗೆ, ನೀಲಿ ಛತ್ರಿ ಹಿಡಿದ ಹುಡುಗಿ. ಇಷ್ಟು ಚೀಟಿಯಲ್ಲಿ ಬರೆದುಕೊಟ್ಟ.

ಅದು ಎಂಥ ಗಡಿಯಾರ ಅಂತ ಮೊದಲು ತಿಳಿದುಕೋ. 1410ರದ್ದು, ಇವತ್ತಿಗೂ ಓಡುತ್ತದೆ. ಹಳೇ ಪುರಭವನದ ಗೋಡೆಯಲ್ಲಿದೆ. ಗಂಟೆ, ನಿಮಿಷ ಅಂತ ನೋಡೋಕೆ ಹೋದರೆ ತಲೆ ತಿರುಗುತ್ತದೆ. ಸೂರ್ಯ ಯಾವ ರಾಶಿಯಲ್ಲಿದ್ದಾನೆ, ಚಂದ್ರ ಯಾವ ರಾಶಿಯಲ್ಲಿದ್ದಾನೆ, ಎಲ್ಲ ಅದರಲ್ಲಿ ಕಾಣುತ್ತದೆ. ಚಂದ್ರ ಅಂದರೆ ಅರ್ಧ ಕಪ್ಪು, ಅರ್ಧ ಬೆಳ್ಳಿ ಬಣ್ಣದ ಒಂದು ಪುಟ್ಟ ಗುಂಡು. ಅದು ತಾನೇ ತಿರುಗಿ ಅಮಾವಾಸ್ಯೆ ಹುಣ್ಣಿಮೆ ತೋರಿಸುತ್ತದೆ. ಹೊರಗಿನ ಬಳೆಯಲ್ಲಿ ಇಪ್ಪತ್ನಾಲ್ಕು ಗಂಟೆ ಬರೆದಿದ್ದಾರೆ, ಆದರೆ ಎಣಿಕೆ ಶುರುವಾಗುವುದು ಸೂರ್ಯ ಮುಳುಗಿದ ಮೇಲೆ. ಆ ಕಾಲದ ಜನ ಹಾಗೆ ಎಣಿಸುತ್ತಿದ್ದರಂತೆ. ಒಟ್ಟಿನಲ್ಲಿ ಒಂದು ಪಂಚಾಂಗವನ್ನು ಬಿಚ್ಚಿ ಗೋಡೆಗೆ ಹೊಡೆದ ಹಾಗಿದೆ. ಈಗ ನಿಮ್ಮ ದೊಡ್ಡಪ್ಪನನ್ನು ಅದರ ಮುಂದೆ ನಿಲ್ಲಿಸಿದರೆ ಏನಾಗುತ್ತದೆ ಅಂತ ನಾನು ಬೇರೆ ಹೇಳಬೇಕಾ?

ಕತ್ತು ಮೇಲೆ ಮಾಡಿದವರು ಕೆಳಗೆ ಇಳಿಸಲಿಲ್ಲ. 'ನೋಡೇ, ವೃಷಭ ಎಲ್ಲಿದೆ ನೋಡು' ಅನ್ನುತ್ತಾ ಒಬ್ಬರೇ ಮಾತಾಡಿಕೊಳ್ಳುತ್ತಿದ್ದರು. ಹತ್ತು ಹೊಡೆಯೋಕೆ ಐದು ನಿಮಿಷ ಇರುವಾಗ ಜನ ಬಂದರು ನೋಡು, ಎಲ್ಲಿಂದ ಬಂದರೋ ದೇವರಿಗೇ ಗೊತ್ತು. ಬೆಳಗ್ಗೆ ಒಂಬತ್ತರಿಂದ ರಾತ್ರಿ ಹನ್ನೊಂದರ ತನಕ ಪ್ರತಿ ಗಂಟೆಗೂ ಇದೇ ಜಾತ್ರೆಯಂತೆ. ಒಂದು ಅಸ್ಥಿಪಂಜರ ಹಗ್ಗ ಎಳೆದು ಗಂಟೆ ಬಾರಿಸುತ್ತದೆ. ಮೇಲೆ ಎರಡು ಕಿಟಕಿ ತೆರೆದುಕೊಂಡು ಯೇಸುವಿನ ಹನ್ನೆರಡು ಜನ ಶಿಷ್ಯರು ಒಬ್ಬೊಬ್ಬರಾಗಿ ಮುಖ ತೋರಿಸಿ ಹೋಗುತ್ತಾರೆ. ಕೊನೆಗೆ ಚಿನ್ನದ ಬಣ್ಣದ ಹುಂಜ ಒಂದು ಸಲ ಕೂಗುತ್ತದೆ. ಮುಗಿಯಿತು. ಒಂದು ನಿಮಿಷದ ಆಟ. ಅಷ್ಟಕ್ಕೆ ನೂರಾರು ಜನ ಫೋನ್ ಎತ್ತಿ ಹಿಡಿದಿರುತ್ತಾರೆ. ಬ್ಯಾಗಿನ ಕಡೆ ಯಾರ ಗಮನವೂ ಇರುವುದಿಲ್ಲ, ಜೇಬುಗಳ್ಳರಿಗೆ ಅದೇ ಹಬ್ಬ. ನಾನು ಬ್ಯಾಗನ್ನು ಸೆರಗಿನೊಳಗೆ ಒತ್ತಿ ಹಿಡಿದಿದ್ದೆ.

ಹುಂಜ ಕೂಗಿತು, ಜನ ಕರಗಿದರು, ಪಕ್ಕಕ್ಕೆ ತಿರುಗಿದರೆ ಇವರಿಲ್ಲ!

ಆಗಿದ್ದು ಇಷ್ಟು. ಇವರ ತಲೆಯಲ್ಲಿ ಇದ್ದಿದ್ದು ನೀಲಿ ಛತ್ರಿ. ಕತ್ತು ಇಳಿಸಿದ ತಕ್ಷಣ ಒಂದು ನೀಲಿ ಛತ್ರಿ ಕಂಡಿದೆ, ಹೊರಟೇಬಿಟ್ಟಿದ್ದಾರೆ. ನಾನು ಹಿಂದೆ ಬರುತ್ತಿದ್ದೇನೆ ಅಂತ ನಂಬಿಕೆ. ನಲವತ್ತು ವರ್ಷದಿಂದ ಹಾಗೇ ಅಲ್ವಾ, ಹಿಂದೆ ತಿರುಗಿ ನೋಡುವ ಅಭ್ಯಾಸ ಎಲ್ಲಿದೆ. ಅಲ್ಲಿ ಛತ್ರಿ ಅಂದರೆ ಗೈಡು. ಹಳದಿ, ಕೆಂಪು, ಕಿತ್ತಳೆ, ನೀಲಿ, ಮಳೆ ಬರಲಿ ಬಿಡಲಿ ಎಲ್ಲರೂ ಎತ್ತಿ ಹಿಡಿದುಕೊಂಡೇ ಓಡಾಡುತ್ತಾರೆ. ನಮ್ಮ ಹುಡುಗಿ ಬಂದು ನನ್ನನ್ನು ತಕ್ಷಣ ಗುರುತು ಹಿಡಿದಳು. ಆ ಚೌಕದಲ್ಲಿ ಸೀರೆ ಉಟ್ಟವಳು ನಾನೊಬ್ಬಳೇ. ಇವರ ಫೋನ್ ಎಲ್ಲಿತ್ತು? ನನ್ನ ಬ್ಯಾಗಿನಲ್ಲಿ. ಜೇಬು ಭಾರ ಆಗುತ್ತದೆ ಅಂತ ಮನೆಯಿಂದ ಹೊರಟ ಕೂಡಲೇ ನನಗೆ ಕೊಡುತ್ತಾರಲ್ಲ.

ಪಾಪ, ಆ ಹುಡುಗಿ ನನ್ನನ್ನು ಯಾನ್ ಹುಸ್ ಪ್ರತಿಮೆಯ ಮೆಟ್ಟಿಲ ಮೇಲೆ ಕೂರಿಸಿ ಹುಡುಕೋಕೆ ಹೋದಳು. ಹುಸ್ ಅಂದರೆ ಅಲ್ಲಿನ ಧರ್ಮಗುರು, ಚರ್ಚಿನವರನ್ನೇ ಎದುರು ಹಾಕಿಕೊಂಡವನು, 1415ರಲ್ಲಿ ಜೀವಂತ ಸುಟ್ಟರು. ನನಗೆ ಆವತ್ತು ಅವನ ಮೇಲೆ ಗಮನವೇ ಇಲ್ಲ. ಇವರು ಸಿಕ್ಕಿದ್ದು ಎಲ್ಲಿ ಗೊತ್ತಾ? ಹಿಂದಿನ ಯಹೂದಿಗಳ ಕೇರಿಯಲ್ಲಿ, ಅಲ್ಲಿನ ಹಳೇ ಸಿನಗಾಗ್ ಮುಂದೆ. ಸ್ಪ್ಯಾನಿಷ್ ಮಾತಾಡುವವರ ಗುಂಪಿನ ನಡುವೆ ನಿಂತು ತಲೆ ಆಡಿಸುತ್ತಾ ಪಾಠ ಕೇಳುತ್ತಿದ್ದರಂತೆ. ಮಂಕಿ ಕ್ಯಾಪ್ ಹಾಕಿದ್ದರಿಂದ ಆ ಹುಡುಗಿಗೆ ಗುರುತು ಸಿಕ್ಕಿತು. 'ಏನು ಅರ್ಥವಾಯಿತು ರೀ ನಿಮಗೆ?' ಅಂದೆ. 'ಹಳೇ ದೇವಸ್ಥಾನ ಅಂತ ಗೊತ್ತಾಯಿತಲ್ಲ' ಅಂದರು. ಅದರ ಮೇಲೆ ಯಾರೋ ಕೊಟ್ಟ ಚಾಕೊಲೇಟ್ ಬೇರೆ ಕೈಯಲ್ಲಿತ್ತು.

ಈಗ ಇದರ ಲೆಕ್ಕ ಕೇಳು. ನಿಮಗೆ ಮಾತ್ರ ಅಂತ ಬರುವ ಗೈಡ್‌ಗೆ ಹೊತ್ತು ಶುರುವಾಗುವುದು ಬುಕ್ ಮಾಡಿದ ಗಂಟೆಗೆ, ನೀವು ಸಿಕ್ಕಿದ ಗಂಟೆಗೆ ಅಲ್ಲ. ಅವಳಿಗೆ ಒಂದು ಗಂಟೆಗೆ ಬೇರೆಯವರು ಕಾಯುತ್ತಿದ್ದರು. ಹುಡುಕಾಟ, ಆಮೇಲೆ ನನ್ನ ಬೈಗುಳ, ಆಮೇಲೆ ಇವರಿಗೆ ಶೌಚಾಲಯ, ಅಲ್ಲಿ ನಾಣ್ಯ ಇಲ್ಲದೆ ಪರದಾಟ. ಅವರದು ಯೂರೋ ಅಲ್ಲ, ಕೊರುನಾ. ಮುಕ್ಕಾಲು ಹೊತ್ತು ಅಲ್ಲೇ ಹೋಯಿತು ಅಂದುಕೋ. ಕೋಟೆಗೆ ಹೋಗಲೇ ಇಲ್ಲ. ಸೇತುವೆ ಮೇಲೆ ನಿಂತು 'ಅದೇ ಕೋಟೆ' ಅಂತ ಕೈ ತೋರಿಸಿದಳು, ನಾವು ನೋಡಿದೆವು. ಅದಕ್ಕೇ ಹೇಳುತ್ತಿದ್ದೇನೆ, ಗಡಿಯಾರದ ಕೆಳಗೆ ಅಂದರೆ ಆಗುವುದಿಲ್ಲ ಅನ್ನು. ಮುಲಾಜು ಬೇಡ.

ಸಿಕ್ಕಿದ ಚೂರುಪಾರು ಹೊತ್ತಿನಲ್ಲಿ ಆ ಹುಡುಗಿ ತೋರಿಸಿದ್ದು ಮಾತ್ರ ಇವತ್ತಿಗೂ ಕಣ್ಣಲ್ಲಿದೆ. ಎಲ್ಲರೂ ತಲೆ ಎತ್ತಿ ಗಡಿಯಾರ ನೋಡುತ್ತಾರಲ್ಲ, ಅದೇ ಪುರಭವನದ ಪಕ್ಕದಲ್ಲಿ ನೆಲದ ಕಲ್ಲಿನಲ್ಲಿ ಬಿಳಿ ಶಿಲುಬೆಗಳಿವೆ. ಇಪ್ಪತ್ತೇಳು. ರಾಜನ ವಿರುದ್ಧ ದಂಗೆ ಎದ್ದು ಸೋತವರನ್ನು 1621ರ ಜೂನ್‌ನಲ್ಲಿ ಅದೇ ಚೌಕದಲ್ಲಿ ಕೊಂದರಂತೆ, ಒಬ್ಬೊಬ್ಬರಿಗೆ ಒಂದೊಂದು. ಜನ ಅದರ ಮೇಲೆ ನಿಂತೇ ಐಸ್‌ಕ್ರೀಮ್ ತಿನ್ನುತ್ತಿದ್ದರು. ಗೈಡ್ ಇಲ್ಲದಿದ್ದರೆ ನಾವೂ ತುಳಿದುಕೊಂಡೇ ಹೋಗುತ್ತಿದ್ದೆವು.

ಇನ್ನು ಚಾರ್ಲ್ಸ್ ಸೇತುವೆ. ಅದಕ್ಕೂ ಮುಹೂರ್ತ ಇತ್ತಂತೆ ನೋಡು! 1357ನೇ ಇಸವಿ, ಒಂಬತ್ತನೇ ತಾರೀಕು, ಏಳನೇ ತಿಂಗಳು, ಬೆಳಗ್ಗೆ 5 ಗಂಟೆ 31 ನಿಮಿಷಕ್ಕೆ ರಾಜ ನಾಲ್ಕನೇ ಚಾರ್ಲ್ಸ್ ಶಂಕುಸ್ಥಾಪನೆ ಮಾಡಿದ ಅಂತ ಅಲ್ಲಿನವರು ಹೇಳುತ್ತಾರೆ. ಸಾಲಾಗಿ ಬರೆದುಕೋ, 1 3 5 7 9 7 5 3 1 ಆಗುತ್ತದೆ. ದೊಡ್ಡಪ್ಪ ಅದನ್ನು ಚೀಟಿಯ ಹಿಂದೆ ಬರೆದುಕೊಂಡು ಬಂದು ಊರಿಗೆಲ್ಲ ತೋರಿಸಿದರು. ಕಳೆದುಹೋದ ವಿಷಯ ಮಾತ್ರ ಯಾರಿಗೂ ಹೇಳಲಿಲ್ಲ, ಈಗ ನಾನು ಹೇಳಿದೆ.

ಆ ಊರು ಅಂದರೆ ನನಗೆ ಇನ್ನೊಂದು ನೆನಪಾಗುತ್ತದೆ, ಹೇಳಬಾರದು ಅಂದುಕೊಂಡಿದ್ದೆ, ಬಾಯಿಗೆ ಬಂತು. ಬೊಹೀಮಿಯಾದ, ಅಂದರೆ ಪ್ರಾಗ್ ಇರುವ ಸೀಮೆಯ, ಗಾಜು ಪ್ರಸಿದ್ಧ ಅಂತ ಕೇಳಿದ್ದೀರಲ್ಲ. ಸಣ್ಣ ಅಂಗಡಿಯಲ್ಲಿ ಒಂದು ಬಟ್ಟಲು ತಗೊಂಡೆ. ಕೆತ್ತನೆ ಕೆಲಸ, ಬೆಳಕಿಗೆ ಹಿಡಿದರೆ ಕಣ್ಣು ತೆಗೆಯೋಕೆ ಮನಸ್ಸಾಗುವುದಿಲ್ಲ. ನನಗೆ ಅಂತ ತಗೊಳ್ಳಲಿಲ್ಲ. ಮನೆತನದಲ್ಲಿ ಒಂದು ಗೃಹಪ್ರವೇಶ ಇತ್ತು, ಅದಕ್ಕೆ ಅಂತ ತಗೊಂಡೆ. ನನ್ನ ಎರಡು ಕಾಟನ್ ಸೀರೆ ಸುತ್ತಿ, ಸೂಟ್‌ಕೇಸ್‌ಗೆ ಹಾಕಿದರೆ ಒಡೆದೀತು ಅಂತ ವಿಮಾನದಲ್ಲಿ ತೊಡೆ ಮೇಲೆ ಇಟ್ಟುಕೊಂಡು ತಂದೆ. ಇವರು ಗೊಣಗುತ್ತಲೇ ಇದ್ದರು. ಕೊಟ್ಟಾಗ 'ಚೆನ್ನಾಗಿದೆ ಅಕ್ಕ' ಅಂದರು, ಅಷ್ಟೇ. ಆಮೇಲೆ ಒಂದು ದಿನ ಹೋದಾಗ ನೋಡುತ್ತೇನೆ, ಹಿತ್ತಲ ಬಾಗಿಲ ಹತ್ತಿರ, ವಾಷಿಂಗ್ ಮೆಷಿನ್ ಮೇಲೆ, ಆ ಬಟ್ಟಲಿನ ತುಂಬ ಬಟ್ಟೆ ಒಣಗಿಸುವ ಕ್ಲಿಪ್ಪುಗಳು! ಪ್ಲಾಸ್ಟಿಕ್ಕಿನವು. ಯಾರ ಮನೆ ಅಂತ ನಾನು ಹೇಳುವುದಿಲ್ಲ. ತಿಪಟೂರಿನವರು ಬೇಜಾರು ಮಾಡಿಕೊಳ್ಳಬಾರದು. ಕೊಟ್ಟ ಮೇಲೆ ಅವರ ವಸ್ತು, ಏನಾದರೂ ತುಂಬಿಕೊಳ್ಳಲಿ. ಆದರೆ ಪಕ್ಕದಲ್ಲೇ ಹಳೇ ಐಸ್‌ಕ್ರೀಮ್ ಡಬ್ಬ ಖಾಲಿ ಇತ್ತು, ಅದೂ ನನ್ನ ಕಣ್ಣಿಗೆ ಬಿತ್ತು. ಅಷ್ಟೇ ಹೇಳಿದ್ದು. ಪುಟ್ಟಿ, ನೀನು ಯಾರಿಗೂ ಏನೂ ತರೋಕೆ ಹೋಗಬೇಡ.

ಏನು ಹೇಳುತ್ತಿದ್ದೆ? ಹಾಂ, ಮಂಡಿ.

ಕ್ಯಾನ್ಸಲ್ ಮಾಡಬೇಡ. ನಿಮ್ಮಮ್ಮ ನಡೆಯುತ್ತಾಳೆ, ಆದರೆ ಹತ್ತುವುದು ಇಳಿಯುವುದು ಬೇಡ. ಗೈಡ್‌ಗಳು ಸಾಮಾನ್ಯವಾಗಿ ಚೌಕದಲ್ಲಿ ಶುರು ಮಾಡಿ, ಸೇತುವೆ ದಾಟಿಸಿ, ಕೊನೆಗೆ ಕೋಟೆಗೆ ಹತ್ತಿಸುತ್ತಾರೆ. ಕೋಟೆ ಗುಡ್ಡದ ಮೇಲಿದೆ. ಸುಸ್ತಾದ ಹೊತ್ತಿಗೆ ಏರು ಬಂದರೆ ಯಾವ ಮಂಡಿ ತಡೆಯುತ್ತದೆ? ಇಡೀ ಗುಂಪನ್ನು ಕರೆದುಕೊಂಡು ಹೋಗುವವರಾದರೆ ಅವರು ಹೇಳಿದ ದಾರಿಯೇ ದಾರಿ. ನಿಮ್ಮದು ಹಾಗಲ್ಲ, ದುಡ್ಡು ಜಾಸ್ತಿ ಕೊಟ್ಟಿರುವುದೇ ದಾರಿ ನಿಮ್ಮ ಇಷ್ಟದಂತೆ ಇರಲಿ ಅಂತ. ತಿರುಗಿಸಿ ಹಾಕಿ ಅಂತ ಕೇಳು, ಮಾಡುತ್ತಾರೆ.

ಇವತ್ತು ರಾತ್ರಿಯೇ ಗೈಡ್‌ಗೆ ಬರೆ. ಒಂದು, ಹೋಟೆಲ್ ಬಾಗಿಲಿಗೆ ಬಂದು ಕರೆದುಕೊಂಡು ಹೋಗಬೇಕು. ಹೋಟೆಲ್ ದೂರ ಅಂದರೆ ಯಾವುದಾದರೂ ಕಾಫಿ ಅಂಗಡಿಯ ಒಳಗೆ, ಕುರ್ಚಿ ಇರುವ ಕಡೆ ಸಿಗಲಿ. ಚೌಕದ ಹೆಸರು, ಗಡಿಯಾರದ ಹೆಸರು ಎತ್ತಿದರೆ ಏನು ಹೇಳಬೇಕು ಅಂತ ಗೊತ್ತಲ್ಲ. ಆಮೇಲೆ, 22ನೇ ನಂಬರ್ ಟ್ರಾಮ್ ಹಿಡಿದು ಮೊದಲು ಮೇಲಕ್ಕೇ ಹೋಗೋಣ ಅನ್ನು. ಪ್ರಾಷ್‌ಸ್ಕಿ ಹ್ರಾಡ್ ಅಂತ ಸ್ಟಾಪು, ಅಲ್ಲಿಂದ ಕೋಟೆಗೆ ಹತ್ತುವ ಕೆಲಸ ಇಲ್ಲ. ಟಿಕೆಟ್ ತಗೊಂಡರೆ ಸಾಲದು, ಯಂತ್ರಕ್ಕೆ ತೂರಿಸಿ ಮುದ್ರೆ ಒತ್ತಿಸಬೇಕು, ಇಲ್ಲದಿದ್ದರೆ ದಂಡ. ಗೈಡ್ ನೋಡಿಕೊಳ್ಳುತ್ತಾರೆ, ನೀನೂ ನೋಡು. ಕೋಟೆಯ ಒಳಗೆ ಸಂತ ವೀಟಸ್ ಚರ್ಚು ಇದೆ. 1344ರಲ್ಲಿ ಶುರು ಮಾಡಿದ್ದು 1929ರಲ್ಲಿ ಮುಗಿಯಿತಂತೆ. ನಮ್ಮ ಅತ್ತಿಗೆ ಮನೆ ಕಟ್ಟಿಸಿದ್ದಕ್ಕಿಂತ ನಿಧಾನ.

ಕೋಟೆ ನೋಡಿ ನಡೆದು ಇಳಿಯಬೇಡಿ. 'ಇಳಿಜಾರು ತಾನೇ' ಅನ್ನುತ್ತಾರೆ. ಇಳಿಯುವಾಗಲೇ ಮಂಡಿಗೆ ಪೆಟ್ಟು ಜಾಸ್ತಿ, ನಿಮ್ಮಮ್ಮನನ್ನೇ ಕೇಳು. ಬಂದ ಟ್ರಾಮಿನಲ್ಲೇ ಇಳಿದು ಮಾಲೊಸ್ಟ್ರಾನ್‌ಸ್ಕೆ ನಾಮ್ಯೆಸ್ತಿ ಅನ್ನುವ ಸ್ಟಾಪಿಗೆ ಬನ್ನಿ. ಹೆಸರು ಹೇಳೋಕೆ ಬರದಿದ್ದರೆ ಬರೆದಿಟ್ಟುಕೋ. ನೆರುಡೋವಾ ಬೀದಿಯ ಬುಡ ಅಲ್ಲೇ ಇದೆ. ಮನೆಗಳಿಗೆ ನಂಬರ್ ಬರುವ ಮೊದಲು ಬಾಗಿಲ ಮೇಲೆ ಗುರುತು ಕೆತ್ತಿಸುತ್ತಿದ್ದರು, ಮೂರು ಪಿಟೀಲಿನ ಮನೆ, ಎರಡು ಸೂರ್ಯನ ಮನೆ ಅಂತ. ಪಿಟೀಲಿನ ಮನೆ ಕೆಳಗೇ ಸಿಗುತ್ತದೆ, ಎರಡು ಸೂರ್ಯ ಏರಿನ ಮೇಲೆ, ಅದನ್ನು ಬಿಡಿ. ಅಲ್ಲಿಂದ ಸೇತುವೆ ಹತ್ತಿರ, ಸೇತುವೆಯಿಂದ ಚೌಕದವರೆಗೂ ಬಹುಪಾಲು ಸಮತಟ್ಟು. ಗಡಿಯಾರ ಕೊನೆಗೆ ಇರಲಿ. ಅಷ್ಟು ಹೊತ್ತಿಗೆ ಎಲ್ಲರೂ ಒಟ್ಟಿಗೆ ಇರುತ್ತೀರಿ, ಯಾರೂ ಯಾರನ್ನೂ ಹುಡುಕಬೇಕಿಲ್ಲ.

ನೆಲ ಪೂರ್ತಿ ಗುಂಡುಕಲ್ಲು. ಹೀಲ್ಸ್ ಬೇಡ, ಹೊಸ ಚಪ್ಪಲಿಯೂ ಬೇಡ, ನಿಮ್ಮಮ್ಮ ದಿನಾ ಪಾರ್ಕಿಗೆ ಹಾಕುವ ಬಾಟಾ ಶೂ ಸಾಕು. ಬಾಟಾ ಅವರ ದೇಶದ್ದೇ ಕಣೇ, ನಾವು ನಮ್ಮದು ಅಂದುಕೊಂಡಿದ್ದೇವೆ. ವೆನ್ಸೆಸ್ಲಾಸ್ ಚೌಕದಲ್ಲಿ ದೊಡ್ಡ ಅಂಗಡಿ ಇದೆ, ಆದರೆ ನಡೆಯುವ ದಿನವೇ ಅಲ್ಲಿ ಹೊಸದು ಕೊಳ್ಳೋಕೆ ಹೋಗಬೇಡಿ.

ಮೂರು ಗಂಟೆ ನಿಂತೇ ಇರಬೇಕಾಗಿಲ್ಲ ಅಂತಲೂ ಬರೆ. ಮಧ್ಯೆ ಒಂದು ಕಾಫಿಗೆ ಕೂರಿಸಿ ಕಥೆ ಹೇಳಲಿ, ಅದೂ ಅವರ ಕೆಲಸವೇ. ಶೌಚಾಲಯಕ್ಕೆ ಚಿಲ್ಲರೆ ನಿನ್ನ ಹತ್ತಿರ ಇರಲಿ. ಎಲ್ಲರ ಫೋನ್ ಅವರವರ ಹತ್ತಿರವೇ ಇರಲಿ, ಅಮ್ಮನದು ನಿನ್ನ ಬ್ಯಾಗಿನಲ್ಲಿ ಹಾಕಿಕೊಳ್ಳಬೇಡ. ಮಂಡಿಗೆ ಹಾಕುವ ಪಟ್ಟಿ ದೊಡ್ಡ ಸೂಟ್‌ಕೇಸಿನಲ್ಲಿ ಅಲ್ಲ, ಕೈಚೀಲದಲ್ಲಿ. ಗೈಡ್ ಏನು ಉತ್ತರ ಕೊಟ್ಟರು ಅಂತ ಇಲ್ಲೇ ಹಾಕು. ಹಾಲು ಉಕ್ಕುತ್ತಿದೆ, ಇಡುತ್ತೇನೆ.