ಅಪ್‌ಡೇಟ್: ನಲಿಕಲಿ ಕ್ಲಾಸಲ್ಲಿ ಅ ಆ ಇ ಈ ಹೇಳಿಕೊಡಲ್ವಾ ಅಂತ ಕೇಳಿದ್ದೆ

ನಲಿಕಲಿ ಅಂದರೆ ಸರ್ಕಾರಿ ಶಾಲೆಯ ಚಿಕ್ಕ ಕ್ಲಾಸುಗಳಲ್ಲಿ ಕಾರ್ಡು, ಚಟುವಟಿಕೆಗಳ ಮೂಲಕ ಕಲಿಸೋ ಪದ್ಧತಿ. ಅಲ್ಲಿ ಅ ಆ ಇ ಈ ಇಂದ ಶುರು ಮಾಡಲ್ಲ ಅಂತ ಗಾಬರಿಯಾಗಿ, ಒಂದನೇ ಕ್ಲಾಸಿನ ಮಗಳನ್ನು ಸರ್ಕಾರಿ ಶಾಲೆಯಲ್ಲೇ ಮುಂದುವರಿಸಲಾ ಅಂತ ಕೇಳಿದ್ದೆನಲ್ಲ, ಉತ್ತರ ಕೊಟ್ಟ ಎಲ್ಲರಿಗೂ ಥ್ಯಾಂಕ್ಸ್. ಮುಂದುವರಿಸಿದ್ದೇವೆ.

ಮೇಡಂ ಹತ್ತಿರ ಹೋಗಿ ಕೂತು ಮಾತಾಡಿದೆ. ಅಲ್ಲಿ ಶುರು ಮಾಡೋದೇ ರ, ಗ, ಸ, ದ, ಅ ಇಂದ. ಐದೇ ಅಕ್ಷರ ಬಂದರೆ ಸಾಕು, ಮಗು ಸರ, ಗರಗಸ, ದಸರ, ಅರಸ ಅಂತ ಪೂರ್ತಿ ಪದಗಳನ್ನೇ ಓದುತ್ತೆ, ಅದಕ್ಕೇ ಈ ಕ್ರಮ. ಈಗ ಇವಳು ಬಸ್ಸಿನ ಬೋರ್ಡುಗಳಲ್ಲಿ ಗ ಹುಡುಕುತ್ತಾಳೆ!

ಒಂದರಿಂದ ಮೂರನೇ ಕ್ಲಾಸಿನವರು ಒಟ್ಟಿಗೇ ಕೂರುತ್ತಾರೆ. ಗೋಡೆಯ ಕಲಿಕಾ ಏಣಿ (ಯಾವುದಾದ ಮೇಲೆ ಯಾವುದು ಕಲಿಯಬೇಕು ಅಂತ ತೋರಿಸೋ ಚಾರ್ಟ್) ನೋಡಿ ತಾವೇ ಕಾರ್ಡ್ ತಗೊಂಡು ತಮ್ಮ ತಟ್ಟೆಗೆ ಹೋಗುತ್ತಾರೆ (ಊಟದ್ದಲ್ಲ, ಗುಂಪಿಗೆ ಅಲ್ಲಿ ಹಾಗೇ ಹೇಳೋದು). 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ಪದ್ಧತಿಯಂತೆ.

ಬೇಜಾರು ಒಂದೇ, ಕೆಲವು ಕಾರ್ಡ್ ಹರಿದುಹೋಗಿವೆ, ಮೇಡಂ ಕೈಯಲ್ಲೇ ಬರೆದು ಅಂಟಿಸಿದ್ದಾರೆ. ನಾಲ್ಕನೇ ಕ್ಲಾಸಿಗೆ ಮಾಮೂಲಿ ಪುಸ್ತಕಕ್ಕೆ ಹೇಗೆ ಹೊಂದಿಕೊಳ್ತಾಳೋ, ಆಗ ಮತ್ತೆ ಕೇಳ್ತೀನಿ.